ನಸುಕಿನ ಅಲಾರಮ್ಮೂ ವಾಗ್ಭಟನ ದಿನಚರಿಯೂ

ಫೆಬ್ರವರಿ ಬಂತೆಂದರೆ ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿರುವ ಮನೆಗಳಲ್ಲಿ ಬೆಳಗಿನ ಜಾವ ನಾಲ್ಕೂವರೆಗೇ ಅಲಾರಂ ಹೊಡೆಯತೊಡಗುತ್ತದೆ. ಹಿಂದಿನ ರಾತ್ರಿ ಹನ್ನೆರಡರವರೆಗೆ ಲೆಕ್ಕ ಬಿಡಿಸಿ ಮಲಗಿದ ಹುಡುಗ ಹೊದಿಕೆಯನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಳ್ಳುತ್ತಾನೆ. “ಏಳೋ, ಬ್ರಾಹ್ಮೀ ಮುಹೂರ್ತದಲ್ಲಿ ಓದಿದ್ದು ಮರೆಯೋದಿಲ್ಲ” ಎಂದು ಅಮ್ಮ ದೀಪ ಹಾಕುತ್ತಾಳೆ. “ರಾತ್ರಿಯೆಲ್ಲ ನಿದ್ದೆಗೆಟ್ಟಿದೆ ಮಗು, ಇನ್ನೊಂದು ಗಳಿಗೆ ಮಲಗಲಿ ಬಿಡೇ” ಎಂದು ಒಳಗಿನಿಂದ ಅಜ್ಜಿಯ ದನಿ. ಇಬ್ಬರೂ ಆಧಾರಕ್ಕೆ ತರುವುದು ‘ಹಿಂದಿನವರು ಹೇಳಿದ್ದ’ನ್ನೇ. ಹಾಗಾದರೆ ಹಿಂದಿನವರು ಹೇಳಿದ್ದಾದರೂ ಏನು?

ಉತ್ತರ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಸುಮಾರು ಕ್ರಿ.ಶ. ಆರು-ಏಳನೆಯ ಶತಮಾನದ ವಾಗ್ಭಟನ ‘ಅಷ್ಟಾಂಗಹೃದಯ’ದಲ್ಲಿ ಒಟ್ಟು 120 ಅಧ್ಯಾಯಗಳು. ಜ್ವರ, ಕೆಮ್ಮು, ವಿಷ, ಶಸ್ತ್ರಚಿಕಿತ್ಸೆ ಎಲ್ಲವೂ ಅದರಲ್ಲಿವೆ. ಆದರೆ ಪೀಠಿಕೆಯಂತಿರುವ ಮೊದಲ ಅಧ್ಯಾಯ ಮುಗಿಯುತ್ತಲೇ ಎರಡನೆಯದರಲ್ಲಿ ಆತ ಕೈಗೆತ್ತಿಕೊಳ್ಳುವುದು ಯಾವ ರೋಗವನ್ನೂ ಅಲ್ಲ. ಆರೋಗ್ಯವಂತನು ಬೆಳಗ್ಗೆ ಎದ್ದಾಗಿನಿಂದ ಹೇಗಿರಬೇಕೆಂಬ ‘ದಿನಚರ್ಯೆ’ಯನ್ನು. ಮೂರನೆಯದು ಋತುಚರ್ಯೆ. ನಾಲ್ಕನೆಯದು ರೋಗ ಹುಟ್ಟದಂತೆ ನೋಡಿಕೊಳ್ಳುವ ಬಗೆ. ಔಷಧಿಯ ಮಾತು ಇವೆಲ್ಲದರ ನಂತರ. ಆಯುರ್ವೇದ ಪದವಿ ತರಗತಿಯ ವಿದ್ಯಾರ್ಥಿಗಳು ಮೊದಲ ವರ್ಷದಲ್ಲೇ ಇದನ್ನು ಓದುತ್ತಾರೆ. ನಸುಕಿನಲ್ಲಿ ಏಳಬೇಕೆಂಬ ಈ ಶ್ಲೋಕವನ್ನು ಹಾಸ್ಟೆಲಿನಲ್ಲಿ ರಾತ್ರಿ ಒಂದು ಗಂಟೆಯವರೆಗೆ ಕುಳಿತು ಬಾಯಿಪಾಠ ಮಾಡುವವರೂ ಅವರಲ್ಲಿ ಇಲ್ಲದಿಲ್ಲ!

ಬ್ರಾಹ್ಮೀ ಮುಹೂರ್ತ ಎಷ್ಟು ಗಂಟೆಗೆ?

ಒಂದು ಮುಹೂರ್ತವೆಂದರೆ 48 ನಿಮಿಷ. ರಾತ್ರಿಯ ಕೊನೆಯಿಂದ ಎರಡನೆಯ ಮುಹೂರ್ತವೇ ಬ್ರಾಹ್ಮೀ ಮುಹೂರ್ತ. ಅಂದರೆ ಸೂರ್ಯೋದಯಕ್ಕೆ 96 ನಿಮಿಷ ಇರುವಾಗ ಆರಂಭವಾಗಿ, 48 ನಿಮಿಷ ಇರುವಾಗ ಮುಗಿಯುವ ಅವಧಿ. ಅದು ಗಡಿಯಾರಕ್ಕೆ ಕಟ್ಟಿಹಾಕಿದ ಹೊತ್ತಲ್ಲ. ಬೆಂಗಳೂರಿನಲ್ಲಿ ಮೇ ಕೊನೆಗೆ ಸೂರ್ಯ ಹುಟ್ಟುವುದು ಸುಮಾರು 5.55ಕ್ಕಾದರೆ, ಜನವರಿ ಕೊನೆಗೆ ಸುಮಾರು 6.45ಕ್ಕೆ. ಆದ್ದರಿಂದ ಬೇಸಿಗೆಯ ಬ್ರಾಹ್ಮೀ ಮುಹೂರ್ತ ನಾಲ್ಕೂ ಇಪ್ಪತ್ತರ ಸುಮಾರಿಗೆ ಆರಂಭವಾದರೆ, ಚಳಿಗಾಲದ್ದು ಐದು ದಾಟಿದ ಮೇಲೆ. ವರ್ಷವಿಡೀ ನಾಲ್ಕೂವರೆಗೇ ಹೊಡೆಯುವ ಅಲಾರಮ್ಮಿಗೆ ಶಾಸ್ತ್ರದ ಆಧಾರವಿಲ್ಲ.

ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಈ ಹೊತ್ತಿಗೆ ಏಳಬೇಕಾದವನು ‘ಸ್ವಸ್ಥ’, ಎಂದರೆ ಆರೋಗ್ಯವಂತ ಎನ್ನುತ್ತದೆ ಅಷ್ಟಾಂಗಹೃದಯ. ವಾಗ್ಭಟನದೇ ಎನ್ನಲಾಗುವ ಮತ್ತೊಂದು ಗ್ರಂಥ ‘ಅಷ್ಟಾಂಗಸಂಗ್ರಹ’ವಂತೂ, ಹಿಂದಿನ ರಾತ್ರಿ ಉಂಡದ್ದು ಅರಗಿದೆಯೋ ಇಲ್ಲವೋ ನೋಡಿಕೊಂಡು ಏಳಬೇಕು ಎಂದು ಷರತ್ತು ಹಾಕುತ್ತದೆ. ರಾತ್ರಿ ಹತ್ತೂವರೆಗೆ ಊಟ ಮಾಡಿ, ಹನ್ನೆರಡಕ್ಕೆ ಮಲಗಿದವನನ್ನು ಈ ನಿಯಮ ಎಬ್ಬಿಸುವುದೇ ಇಲ್ಲ. ಬೇಗ ಏಳುವುದು ಬೇಗ ಉಂಡು ಬೇಗ ಮಲಗಿದ್ದರ ಫಲ. ನಾವು ಮೊದಲಿನೆರಡನ್ನು ಬಿಟ್ಟು ಕೊನೆಯದನ್ನು ಮಾತ್ರ ಹಿಡಿದುಕೊಂಡಿದ್ದೇವೆ.

ನಿದ್ದೆಯ ವಿಷಯದಲ್ಲಿ ಆಯುರ್ವೇದ ಜಿಪುಣವಲ್ಲ. ದೇಹವನ್ನು ಹೊತ್ತು ನಿಂತ ಮೂರು ಆಧಾರಗಳಲ್ಲಿ ಆಹಾರದ ಪಕ್ಕದಲ್ಲೇ ಚರಕ ನಿದ್ದೆಯನ್ನು ಇಡುತ್ತಾನೆ. ಸುಖ-ದುಃಖ, ಪುಷ್ಟಿ-ಕಾರ್ಶ್ಯ, ಬಲ-ಬಲಹೀನತೆಗಳ ಜತೆಗೆ ಜ್ಞಾನ-ಅಜ್ಞಾನಗಳೂ ನಿದ್ದೆಯನ್ನೇ ಅವಲಂಬಿಸಿವೆ ಎನ್ನುತ್ತಾನೆ. ವಿದ್ಯಾರ್ಥಿಗಳು ಗಮನಿಸಬೇಕಾದ ಮಾತು ಈ ಜ್ಞಾನ-ಅಜ್ಞಾನದ್ದು. ನಿದ್ದೆ ಕದ್ದು ಓದಿದರೆ ಓದಿಗೇ ಖೋತಾ ಎಂದಾಯಿತು. ಇಂದಿನ ವೈದ್ಯರ ಲೆಕ್ಕವೂ ಇದಕ್ಕೆ ದೂರವಿಲ್ಲ. ಅಮೆರಿಕದ ನಿದ್ರಾತಜ್ಞರ ಅಕಾಡೆಮಿ 2016ರಲ್ಲಿ ಹೇಳಿರುವಂತೆ 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ, 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ಐದಕ್ಕೆ ಏಳಬೇಕಾದ ಹತ್ತನೆಯ ತರಗತಿಯ ಹುಡುಗಿ ಒಂಬತ್ತಕ್ಕೆ ಮಲಗಿರಬೇಕು. ಟ್ಯೂಷನ್ ಮುಗಿಸಿ ಮನೆಗೆ ಬರುವುದೇ ಎಂಟೂವರೆಗೆ ಎನ್ನುವಾಗ ಇದು ಸಾಧ್ಯವೇ? ಸಾಧ್ಯವಿಲ್ಲದಿದ್ದರೆ ಆರಕ್ಕೆ ಏಳಲಿ. ಹರೆಯದಲ್ಲಿ ನಿದ್ದೆ ಬರುವ ಹೊತ್ತೇ ಸಹಜವಾಗಿ ಹಿಂದಕ್ಕೆ ಸರಿಯುತ್ತದೆಂಬುದನ್ನೂ ಇಂದು ವಿಜ್ಞಾನ ಕಂಡುಕೊಂಡಿದೆ; ಅದನ್ನು ಸೋಮಾರಿತನವೆಂದು ಬೈದು ಪ್ರಯೋಜನವಿಲ್ಲ. ಜೀವಿಗಳ ಒಳಗಡಿಯಾರ ಕೆಲಸ ಮಾಡುವ ಬಗೆಯನ್ನು ತೋರಿಸಿಕೊಟ್ಟದ್ದಕ್ಕೇ 2017ರಲ್ಲಿ ಹಾಲ್, ರಾಸ್‌ಬಾಶ್, ಯಂಗ್ ಎಂಬ ಮೂವರಿಗೆ ವೈದ್ಯಕೀಯ ನೊಬೆಲ್ ಬಂತು.

ಇನ್ನು ಅಜ್ಜಿಯ ಪಕ್ಷ. ರೂಢಿಯಿಲ್ಲದೆ ರಾತ್ರಿ ಎಚ್ಚರವಿರಬೇಕಾಗಿ ಬಂದರೆ, ಎಷ್ಟು ಹೊತ್ತು ನಿದ್ದೆ ಕೆಟ್ಟಿತೋ ಅದರ ಅರ್ಧದಷ್ಟು ಹೊತ್ತು ಮರುದಿನ ಬೆಳಗ್ಗೆ, ಏನೂ ತಿನ್ನದೆ ಮಲಗಿ ನಿದ್ರಿಸಬೇಕೆಂದು ವಾಗ್ಭಟ ಸ್ಪಷ್ಟವಾಗಿ ಹೇಳಿದ್ದಾನೆ. ಹಗಲುನಿದ್ದೆಯನ್ನು ಆತ ಸಾಮಾನ್ಯವಾಗಿ ಒಪ್ಪುವುದಿಲ್ಲ. ಆದರೂ ಬೇಸಿಗೆಯಲ್ಲಿ ಅದಕ್ಕೆ ಅನುಮತಿಯಿದೆ. ಮಕ್ಕಳಿಗೆ, ಮುದುಕರಿಗೆ, ನಿತ್ರಾಣರಿಗೆ ಯಾವಾಗಲೂ ಇದೆ. ಅಂತೂ ಅಜ್ಜಿ ಹೇಳಿದ್ದರಲ್ಲಿ ತಪ್ಪಿಲ್ಲ.

ಎಲ್ಲವನ್ನೂ ನುಂಗಬೇಕೆಂದಿಲ್ಲ

ಎದ್ದ ಮೇಲೆ ಶೌಚ, ಆಮೇಲೆ ಹಲ್ಲುಜ್ಜುವುದು. ಎಕ್ಕ, ಆಲ, ಖದಿರ, ಹೊಂಗೆ, ಮತ್ತಿ ಮುಂತಾದ ಮರಗಳ ಕಡ್ಡಿ. ಕಿರುಬೆರಳಿನಷ್ಟು ದಪ್ಪ, ಹನ್ನೆರಡು ಅಂಗುಲ ಉದ್ದ. ತುದಿ ಮೆತ್ತಗಿರಬೇಕು, ಒಸಡಿಗೆ ನೋವಾಗಬಾರದು. ನಮ್ಮವರೆಲ್ಲ ಹೇಳುವ ಬೇವಿನಕಡ್ಡಿ ವಾಗ್ಭಟನ ಪಟ್ಟಿಯಲ್ಲಿ ಹೆಸರು ಹೇಳಿ ಬಂದಿಲ್ಲ ಎಂದರೆ ಹಲವರಿಗೆ ಆಶ್ಚರ್ಯವಾದೀತು. ಕಹಿಯಲ್ಲಿ ಬೇವೇ ಶ್ರೇಷ್ಠವೆಂದು ಹೊಗಳಿದವನು ಸುಶ್ರುತ. ಬೆಳಗ್ಗೆ ಒಮ್ಮೆ, ಉಂಡ ಮೇಲೆ ಇನ್ನೊಮ್ಮೆ ಹಲ್ಲುಜ್ಜಬೇಕೆಂಬ ಮಾತು ಅಷ್ಟಾಂಗಹೃದಯದಲ್ಲೇ ಇದೆ. ರಾತ್ರಿ ಹಲ್ಲುಜ್ಜಲು ಹಟಮಾಡುವ ಮಕ್ಕಳಿಗೆ ಇದು ಟೂತ್‌ಪೇಸ್ಟ್ ಕಂಪೆನಿಯವರ ಉಪಾಯವಲ್ಲ ಎಂದು ಹೇಳಬಹುದು. ಕಡ್ಡಿಯೇ ಆಗಬೇಕೆಂದೇನೂ ಇಲ್ಲ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಮಕ್ಕಳ ಕೈಗೆ ಅದನ್ನು ಕೊಡದಿರುವುದೇ ಲೇಸು. ಬ್ರಷ್ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಈ ಅಧ್ಯಾಯದಲ್ಲಿ ಕಣ್ಣಿಗೆ ಅಂಜನ ಹಚ್ಚುವುದೂ, ಮೂಲಿಕೆಗಳ ಧೂಮ ಸೇದುವುದೂ ಇದೆ. ಇವನ್ನು ಇಂದಿನ ಮಕ್ಕಳ ದಿನಚರಿಗೆ ತರಬಾರದು. ಮಾರಾಟಕ್ಕೆ ಬರುವ ಕೆಲವು ಕಾಡಿಗೆ, ಸುರ್ಮಾಗಳಲ್ಲಿ ಸೀಸ ಇರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಸೀಸ ಮಕ್ಕಳ ಮಿದುಳಿಗೆ ವಿಷ. ಹಳೆಯದೆಂಬ ಒಂದೇ ಕಾರಣಕ್ಕೆ ಎಲ್ಲವನ್ನೂ ಒಪ್ಪುವುದು ಭಕ್ತಿಯಾದೀತೇ ಹೊರತು ವೈದ್ಯವಲ್ಲ. ಅಂದ ಹಾಗೆ, ಬೆಳಗ್ಗೆ ಎದ್ದೊಡನೆ ತಂಬಿಗೆ ನೀರು ಕುಡಿಯುವ ವಿಧಿಯನ್ನು ವಾಗ್ಭಟ ಈ ಅಧ್ಯಾಯದಲ್ಲಿ ಹೇಳಿಲ್ಲ. ಅದನ್ನು ಹೇಳುವುದು ಎಷ್ಟೋ ಶತಮಾನಗಳ ನಂತರದ, ಹದಿನಾರನೆಯ ಶತಮಾನದ ‘ಭಾವಪ್ರಕಾಶ’.

ಎಣ್ಣೆಸ್ನಾನವನ್ನು ನಾವು ನರಕಚತುರ್ದಶಿ, ಯುಗಾದಿಗಳಿಗೆ ಮೀಸಲಿಟ್ಟಿದ್ದೇವೆ. ವಾಗ್ಭಟನಿಗೆ ಅಭ್ಯಂಗ ದಿನದಿನದ ಕೆಲಸ. ದಣಿವು ಕಳೆಯುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ ಎನ್ನುತ್ತಾನೆ. ಸ್ಕೂಲ್ ಬಸ್ಸು ಏಳೂಮುಕ್ಕಾಲಿಗೆ ಬಾಗಿಲಲ್ಲಿ ನಿಲ್ಲುವ ಮನೆಯಲ್ಲಿ ಇದು ನಡೆಯುವ ಮಾತಲ್ಲ. ಅಷ್ಟು ಆಗದವರಿಗೆ ತಲೆ, ಕಿವಿ, ಅಂಗಾಲುಗಳಿಗಾದರೂ ವಿಶೇಷವಾಗಿ ಹಚ್ಚಬೇಕೆಂದು ಆತ ಹೇಳಿದ್ದು ಉಪಯೋಗಕ್ಕೆ ಬರುತ್ತದೆ. ಮಲಗುವ ಮುನ್ನ ಅಂಗಾಲಿಗೆ ನಾಲ್ಕು ಹನಿ ಎಳ್ಳೆಣ್ಣೆ ತಿಕ್ಕಲು ಎರಡು ನಿಮಿಷ ಸಾಕು. ಬಿಸಿನೀರು ಕುತ್ತಿಗೆಯ ಕೆಳಗೆ ಬಲ ಕೊಡುತ್ತದೆ. ತಲೆಗೆ ಸುರಿದರೆ ಕೂದಲಿಗೂ ಕಣ್ಣಿಗೂ ಒಳ್ಳೆಯದಲ್ಲ ಎಂಬುದು ಅವನ ಮತ. ಹಂಡೆಯ ಸುಡುನೀರನ್ನು ನೆತ್ತಿಗೇ ಹೊಯ್ಯುವ ನಮ್ಮ ಹಬ್ಬದ ಉತ್ಸಾಹಕ್ಕೆ ಆತ ಒಪ್ಪುತ್ತಿರಲಿಲ್ಲವೇನೋ.

ಅರ್ಧ ಶಕ್ತಿ ಮಾತ್ರ

ವ್ಯಾಯಾಮದ ಬಗ್ಗೆ ಆತ ಹೇಳಿದ್ದು ಇಂದಿಗೂ ಸೊಗಸು. ದೇಹ ಹಗುರಾಗುತ್ತದೆ, ಕೆಲಸ ಮಾಡುವ ಕಸುವು ಬರುತ್ತದೆ, ಹಸಿವು ಹೆಚ್ಚುತ್ತದೆ. ಆದರೆ ಬಲವಂತನೂ, ಜಿಡ್ಡಿನ ಆಹಾರ ತಿನ್ನುವವನೂ ಚಳಿಗಾಲದಲ್ಲಿ ಮತ್ತು ವಸಂತದಲ್ಲಿ ಅರ್ಧ ಶಕ್ತಿಯಷ್ಟು ಮಾತ್ರ ಮಾಡಬೇಕು. ಉಳಿದ ಕಾಲದಲ್ಲಿ ಅದಕ್ಕೂ ಕಡಿಮೆ. ಅರ್ಧ ಶಕ್ತಿಯೆಂದು ಗೊತ್ತಾಗುವುದು ಹೇಗೆ? ಉಸಿರು ಬಾಯಿಗೆ ಬಂದಾಗ ಎಂದು ಸುಶ್ರುತ ಗುರುತು ಹೇಳುತ್ತಾನೆ. ಮೂಗಿನಿಂದ ಉಸಿರಾಡುತ್ತಿದ್ದವನು ಬಾಯಿ ತೆರೆದ ಎಂದರೆ ನಿಲ್ಲಿಸುವ ಹೊತ್ತು.

ಇದೇ ಜಾಗದಲ್ಲಿ ವಾಗ್ಭಟ ಒಂದು ಚಿತ್ರ ಕೊಡುತ್ತಾನೆ. ತನಗಿಂತ ದೊಡ್ಡದಾದ ಆನೆಯನ್ನು ಎಳೆಯಲು ಹೋಗಿ ತಾನೇ ನಾಶವಾಗುವ ಸಿಂಹ. ಅತಿಯಾದ ವ್ಯಾಯಾಮ, ಅತಿಯಾದ ನಡಿಗೆ, ಅತಿಯಾದ ಮಾತು ಮಾಡುವವನು ಆ ಸಿಂಹದಂತೆ ಎನ್ನುವ ಆ ಪಟ್ಟಿಯಲ್ಲಿ ವ್ಯಾಯಾಮದ ಬೆನ್ನಿಗೇ ಬರುವುದು ಜಾಗರಣೆ. ಪರೀಕ್ಷೆಯ ಹಿಂದಿನ ಮೂರು ರಾತ್ರಿಗಳಲ್ಲಿ ಇಡೀ ವರ್ಷದ ಪಠ್ಯವನ್ನು ಎಳೆದು ತರಲು ಹೊರಟವರು ಈ ಸಿಂಹವನ್ನು ಒಮ್ಮೆ ನೆನೆಯಬಹುದು.

ತಡೆಯಬಾರದ ಹದಿಮೂರು

ಮಕ್ಕಳ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ನಿಯಮ ಬಹುಶಃ ಯಾರ ಮನೆಯ ಗೋಡೆಯ ಮೇಲೂ ಬರೆದಿಲ್ಲ. ದೇಹದ ಸಹಜ ಒತ್ತಡಗಳನ್ನು ತಡೆಯಬಾರದೆಂದು ಹೇಳಲು ಚರಕ ಒಂದು ಅಧ್ಯಾಯವನ್ನೇ ತೆಗೆದಿಟ್ಟಿದ್ದಾನೆ. ಮೂತ್ರ, ಮಲ, ಸೀನು, ತೇಗು, ಆಕಳಿಕೆ, ಹಸಿವು, ಬಾಯಾರಿಕೆ, ಕಣ್ಣೀರು, ನಿದ್ದೆ ಹೀಗೆ ಒಟ್ಟು ಹದಿಮೂರು. ಮೂತ್ರ ತಡೆದರೆ ಕೆಳಹೊಟ್ಟೆ ನೋವು, ಉರಿ, ತಲೆನೋವು ಬರುತ್ತವೆ ಎನ್ನುತ್ತಾನೆ.

ಈಗ ನಮ್ಮ ಶಾಲೆಗಳತ್ತ ನೋಡೋಣ. ಬೆಳಗ್ಗೆ ಅವಸರದಲ್ಲಿ ಶೌಚವಿಲ್ಲ. ಶಾಲೆಯ ಶೌಚಾಲಯ ಕೊಳಕೆಂದು, ಬಾಗಿಲಿಗೆ ಚಿಲಕವಿಲ್ಲವೆಂದು ಸಂಜೆಯವರೆಗೆ ತಡೆದುಕೊಳ್ಳುವ ಹೆಣ್ಣುಮಕ್ಕಳು ಎಷ್ಟೋ. ಹೋಗಬೇಕಾಗಿ ಬಂದೀತೆಂದು ನೀರನ್ನೇ ಕುಡಿಯದ ಮಕ್ಕಳೂ ಇದ್ದಾರೆ. ತಂದ ಬಾಟಲಿ ತುಂಬಿದ ಹಾಗೆಯೇ ಮನೆಗೆ ಮರಳುತ್ತದೆ. ಮೂತ್ರನಾಳದ ಸೋಂಕು, ಮಲಬದ್ಧತೆಗಳಿಗೆ ಇದು ನೇರ ದಾರಿಯೆಂದು ಮಕ್ಕಳ ವೈದ್ಯರು ಹೇಳುತ್ತಾರೆ. ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಪ್ರತ್ಯೇಕ ಶೌಚಾಲಯ ಇರಲೇಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. 2012ರಲ್ಲಿ ಸುಪ್ರೀಂ ಕೋರ್ಟು ಶಾಲೆಗಳಿಗೆ ಕುಡಿಯುವ ನೀರು, ಶೌಚಾಲಯ ಒದಗಿಸಲು ರಾಜ್ಯಗಳಿಗೆ ಗಡುವು ಹಾಕಿತು. 2019ರಲ್ಲಿ ಕೇರಳದ ಶಾಲೆಗಳು ಮಕ್ಕಳಿಗೆ ನೀರು ಕುಡಿಯಲೆಂದೇ ಗಂಟೆ ಬಾರಿಸತೊಡಗಿದವು. ಅದೇ ವರ್ಷ ಈ ‘ವಾಟರ್ ಬೆಲ್’ ಕರ್ನಾಟಕಕ್ಕೂ ಬಂತು. ನೀರು ಕುಡಿಸುವ ಗಂಟೆ ಬಾರಿಸಿದ ಮೇಲೆ ಶೌಚಾಲಯದ ಬಾಗಿಲೂ ಸರಿಯಾಗಿರಬೇಕಲ್ಲವೇ? ಪಾಲಕರ ಸಭೆಯಲ್ಲಿ ಅಂಕಪಟ್ಟಿಯ ಬಗ್ಗೆ ಕೇಳುವ ಹತ್ತು ಪ್ರಶ್ನೆಗಳ ನಡುವೆ ಇದನ್ನೂ ಒಂದಾಗಿ ಕೇಳಬೇಕು. ಮನೆಯಲ್ಲಾದರೋ ಹದಿನೈದು ನಿಮಿಷ ಮುಂಚೆ ಎದ್ದರೆ ಬೆಳಗಿನ ಶೌಚಕ್ಕೆ ಸಮಯ ಸಿಗುತ್ತದೆ.

ಅದೇ ಅಧ್ಯಾಯದಲ್ಲಿ ಚರಕ ತಡೆಯಲೇಬೇಕಾದ ಒತ್ತಡಗಳನ್ನೂ ಹೇಳುತ್ತಾನೆ: ಲೋಭ, ಸಿಟ್ಟು, ಹೊಟ್ಟೆಕಿಚ್ಚು, ಚಾಡಿ, ಬಿರುನುಡಿ. ಕಣ್ಣೀರನ್ನು ತಡೆಯಬಾರದ ಪಟ್ಟಿಯಲ್ಲೂ, ಬಿರುನುಡಿಯನ್ನು ತಡೆಯಬೇಕಾದ ಪಟ್ಟಿಯಲ್ಲೂ ಇಟ್ಟ ಚರಕನ ವಿವೇಕ ದೊಡ್ಡದು. ನಮ್ಮಲ್ಲಿ ಅಂಕ ಕಡಿಮೆ ಬಂದ ದಿನ ನಡೆಯುವುದು ಇದರ ತಿರುಗುಮುರುಗು. ಅಪ್ಪ ಬಾಯಿಗೆ ಬಂದಂತೆ ಬೈಯುತ್ತಾನೆ, ಮಗ ಅಳು ನುಂಗುತ್ತಾನೆ.

ಊಟದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಹಿಂದಿನದು ಅರಗಿದ ಮೇಲೆ ಉಣ್ಣಬೇಕು; ಹೊಟ್ಟೆಯ ನಾಲ್ಕು ಪಾಲಿನಲ್ಲಿ ಎರಡು ಅನ್ನಕ್ಕೆ, ಒಂದು ದ್ರವಕ್ಕೆ, ಇನ್ನೊಂದು ಖಾಲಿ. ಮಾತಾಡದೆ, ನಗದೆ, ಮನಸ್ಸಿಟ್ಟು ಉಣ್ಣಬೇಕೆಂದು ಚರಕ. ಮೊಬೈಲು ನೋಡುತ್ತಾ ದೋಸೆ ತಿನ್ನುವವರಿಗೆ ಬೇರೆ ಹೇಳಬೇಕಿಲ್ಲ.

ಕಾಲು ಭಾಗದ ಲೆಕ್ಕ

ಇಷ್ಟನ್ನು ಓದಿದ ಯಾರಾದರೂ ಉತ್ಸಾಹದಿಂದ ನಾಳೆಯೇ ಮನೆಯ ವೇಳಾಪಟ್ಟಿಯನ್ನು ತಲೆಕೆಳಗು ಮಾಡಿಯಾರು. ಅದನ್ನೂ ಚರಕ ಮೊದಲೇ ಊಹಿಸಿದಂತಿದೆ. ಕೆಟ್ಟ ಅಭ್ಯಾಸವಾದರೂ ಮೈಗೆ ಒಗ್ಗಿದ್ದನ್ನು ಒಮ್ಮೆಲೇ ಬಿಡಬಾರದು, ಒಳ್ಳೆಯದಾದರೂ ಒಗ್ಗದ್ದನ್ನು ಒಮ್ಮೆಲೇ ಹಿಡಿಯಬಾರದು ಎಂಬುದು ಅವನ ನಿಯಮ. ಬಿಡುವುದೂ ಹಿಡಿಯುವುದೂ ಕಾಲು ಭಾಗದಂತೆ ಆಗಬೇಕು; ಒಂದು ಹೆಜ್ಜೆಗೂ ಇನ್ನೊಂದಕ್ಕೂ ನಡುವೆ ಮೊದಲು ಒಂದು ದಿನ, ಆಮೇಲೆ ಎರಡು, ಆಮೇಲೆ ಮೂರು ದಿನಗಳ ಬಿಡುವು. ಈ ದಿನಗಳ ಎಣಿಕೆಯನ್ನು ವ್ಯಾಖ್ಯಾನಕಾರರು ಬೇರೆಬೇರೆಯಾಗಿ ಬಿಡಿಸುತ್ತಾರೆ; ತತ್ವ ಮಾತ್ರ ಒಂದೇ. ವಾಗ್ಭಟನೂ ಋತು ಬದಲಾಗುವಾಗ ಹಳೆಯ ಋತುವಿನ ಕೊನೆಯ ಏಳು, ಹೊಸದರ ಮೊದಲ ಏಳು, ಹೀಗೆ ಹದಿನಾಲ್ಕು ದಿನಗಳಲ್ಲಿ ನಿಧಾನವಾಗಿ ಅಭ್ಯಾಸ ಬದಲಿಸಿಕೊಳ್ಳಲು ಹೇಳುತ್ತಾನೆ.

ಹನ್ನೆರಡಕ್ಕೆ ಮಲಗುವ ಹುಡುಗನನ್ನು ಹತ್ತಕ್ಕೆ ಮಲಗಿಸಬೇಕಾದರೆ ಸರಿಸಬೇಕಾದದ್ದು ಎರಡು ಗಂಟೆ. ಅದರ ಕಾಲು ಭಾಗ ಅರ್ಧ ಗಂಟೆ. ಮೊದಲು ಹನ್ನೊಂದೂವರೆ, ಒಂದು ದಿನ ಬಿಟ್ಟು ಹನ್ನೊಂದು, ಎರಡು ದಿನ ಬಿಟ್ಟು ಹತ್ತೂವರೆ, ಮೂರು ದಿನ ಬಿಟ್ಟು ಹತ್ತು. ಜತೆಜತೆಗೆ ರಾತ್ರಿಯ ಊಟವನ್ನೂ ಮುಂದಕ್ಕೆ ತರಬೇಕು. ಅದು ಅಮ್ಮನ ಅಡುಗೆಗಿಂತ ಹೆಚ್ಚಾಗಿ ಟಿವಿಯ ಧಾರಾವಾಹಿಯನ್ನೂ, ಅಪ್ಪ ಮನೆಗೆ ಬರುವ ಹೊತ್ತನ್ನೂ ಅವಲಂಬಿಸಿರುತ್ತದೆ. ಬೆಳಗಿನ ಅಲಾರಂ ಅಲ್ಲಿಯವರೆಗೂ ಇದ್ದಲ್ಲೇ ಇರಲಿ. ಹತ್ತಕ್ಕೆ ನಿದ್ದೆ ಹತ್ತತೊಡಗಿದ ಮೇಲೆ ಅಷ್ಟೇ ನಿಧಾನವಾಗಿ ಅದನ್ನು ಸರಿಸಬಹುದು. ಇದೆಲ್ಲಕ್ಕೆ ಎರಡು ಮೂರು ವಾರ ಹಿಡಿಯುತ್ತದೆ. ಪರೀಕ್ಷೆ ಮಾರ್ಚ್ ಮಧ್ಯದಲ್ಲಿದ್ದರೆ ಮೊದಲ ಅರ್ಧ ಗಂಟೆಯನ್ನು ಬಿಡಬೇಕಾದದ್ದು ಫೆಬ್ರವರಿಯಲ್ಲಿ, ಪ್ರವೇಶಪತ್ರ ಕೈಗೆ ಬಂದ ದಿನವಲ್ಲ.