ಉತಾರದಲ್ಲಿ ಹೆಸರಿಲ್ಲದ ಒಕ್ಕಲಗಿತ್ತಿ

ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ಹೊರಟರೆ ತೊರವಿಯ ಬಯಲಿನಲ್ಲಿ ಮಹಿಳಾ ವಿಶ್ವವಿದ್ಯಾಲಯದ ಕಟ್ಟಡಗಳು ಕಾಣುತ್ತವೆ. 2003ರಲ್ಲಿ ಆರಂಭವಾಗಿ, ಈಗ ಅಕ್ಕಮಹಾದೇವಿಯ ಹೆಸರು ಹೊತ್ತಿರುವ ರಾಜ್ಯದ ಮೊದಲ ಮಹಿಳಾ ವಿಶ್ವವಿದ್ಯಾಲಯ ಅದು. ಅದೇ ರಸ್ತೆಯಲ್ಲಿ ಮುಂದೆ ತಿಕೋಟಾ ಸೀಮೆ. ಘೋಣಸಗಿಯಂಥ ಹಳ್ಳಿಗಳು, ಜೋಳದ ಹೊಲಗಳು, ದ್ರಾಕ್ಷಿ ಪಡಗಳು, ಒಣದ್ರಾಕ್ಷಿಯ ಉದ್ದನೆಯ ಶೆಡ್ಡುಗಳು. ಹೆಣ್ಣಿಗೆ ಪದವಿ ಕೊಡುವ ಜಾಗಕ್ಕೂ ಹೆಣ್ಣು ದುಡಿಯುವ ಜಾಗಕ್ಕೂ ಇಲ್ಲಿ ಹೆಚ್ಚು ದೂರವಿಲ್ಲ. ಸರ್ಕಾರದ ಲೆಕ್ಕದಲ್ಲಿ ಮಾತ್ರ ಇವೆರಡರ ನಡುವೆ ಬಹಳ ಅಂತರವಿದೆ.

ದ್ರಾಕ್ಷಿಯ ಕೆಲಸವನ್ನೇ ನೋಡಿ. ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ ಚಾಟ್ನಿ ಮಾಡಬೇಕು. ಚಿಗುರು ತೆಗೆಯಬೇಕು, ಗೊಂಚಲು ತೆಳು ಮಾಡಬೇಕು. ಹಣ್ಣು ಕೊಯ್ದ ಮೇಲೆ ದ್ರಾವಣದಲ್ಲಿ ಅದ್ದಿ ಶೆಡ್ಡಿನೊಳಗಿನ ಬಲೆಗಳ ಮೇಲೆ ಹರವಬೇಕು. ಒಣಗಿದ ಮೇಲೆ ಕಡ್ಡಿ ಬಿಡಿಸಿ, ಬಣ್ಣ ಮತ್ತು ಗಾತ್ರ ನೋಡಿ ಆರಿಸಬೇಕು. ಸುಮಾರು 4 ಕಿಲೋ ಹಸಿ ಹಣ್ಣಿಗೆ 1 ಕಿಲೋ ಒಣದ್ರಾಕ್ಷಿ. ಈ ಕೆಲಸಗಳಲ್ಲಿ ಕೈಯ ನಾಜೂಕು ಬೇಡುವಂಥವು ಬಹುಪಾಲು ಹೆಂಗಸರ ಪಾಲಿನವು. ಮಾಲು ತಾಸಗಾಂವ ಪೇಟೆಗೆ ಹೋಗುವಾಗ ಚೀಟಿ ಬರುವುದು ಗಂಡಸಿನ ಹೆಸರಿಗೆ.

ಚೀಟಿಯ ಮಾತು ಇರಲಿ, ದೊಡ್ಡದು ಉತಾರದ ಮಾತು. ಹಳೇ ಮೈಸೂರಿನವರು ಪಹಣಿ ಎನ್ನುವ ಕಾಗದಕ್ಕೆ ಇಲ್ಲಿಯ ಜನ ಉತಾರ ಎನ್ನುತ್ತಾರೆ. ಅದರ 9ನೇ ಕಾಲಂನಲ್ಲಿ ಯಾರ ಹೆಸರಿದೆಯೋ ಅವರೇ ಸರ್ಕಾರದ ಕಣ್ಣಿಗೆ ರೈತ. ಹನಿ ನೀರಾವರಿಯ ಸಹಾಯಧನ, ಕೃಷಿ ಹೊಂಡ, ಸೊಸೈಟಿ ಸಾಲ, ಬೆಳೆಹಾನಿ ಪರಿಹಾರ, ಪಿ.ಎಂ. ಕಿಸಾನ್ ಹಣ ಎಲ್ಲಕ್ಕೂ ಅದೇ ಬಾಗಿಲು. ಈಗ ಎಲ್ಲವೂ ಫ್ರೂಟ್ಸ್ ಎಂಬ ಕಂಪ್ಯೂಟರ್ ದಾಖಲೆಗೆ ಜೋಡಣೆಯಾಗಿದೆ. ಉತಾರದಲ್ಲಿಲ್ಲದ ಹೆಸರು ಅಲ್ಲಿಯೂ ಇರುವುದಿಲ್ಲ. 2015–16ರ ಕೃಷಿ ಗಣತಿಯ ಪ್ರಕಾರ ದೇಶದ ಸಾಗುವಳಿ ಹಿಡುವಳಿದಾರರಲ್ಲಿ ಹೆಂಗಸರು ನೂರಕ್ಕೆ ಸುಮಾರು 14. ಹೊಲದಲ್ಲಿ ಬಗ್ಗಿದ ಬೆನ್ನುಗಳನ್ನು ಎಣಿಸಿದರೆ ಈ ಲೆಕ್ಕ ಎಷ್ಟು ಸುಳ್ಳೆಂದು ಯಾರಿಗೂ ಹೇಳಬೇಕಾಗಿಲ್ಲ.

ಇದರ ಬಿಸಿ ತಟ್ಟುವುದು ಮನೆಯ ಯಜಮಾನ ತೀರಿಕೊಂಡಾಗ. ಇಪ್ಪತ್ತು ವರ್ಷ ಹೊಲ ಮಾಡಿದವಳು ಆ ಹೊಲಕ್ಕೆ ಬೆಳೆಸಾಲ ಕೇಳಲು ಹೋದರೆ ಮೊದಲು ವಾರಸಾ ಮಾಡಿಸಿಕೊಂಡು ಬಾ ಎನ್ನುತ್ತಾರೆ. ವಾರಸಾ ಆಗಬೇಕಾದರೆ ಮೈದುನರು, ಮಾವ ಒಪ್ಪಬೇಕು. ಜಮೀನು ಇನ್ನೂ ಅಜ್ಜನ ಹೆಸರಿನಲ್ಲೇ ಇದ್ದು ವಾಟ್ನಿ ಆಗಿರದಿದ್ದರೆ ಕಥೆ ಮುಗಿಯಿತು. ಸಾಲ ಕೊಟ್ಟ ಖಾಸಗಿಯವರು ಮಾತ್ರ ಉತಾರ ನೋಡುವುದಿಲ್ಲ. ನೇರ ಮನೆಗೆ ಬರುತ್ತಾರೆ.

ಕಾನೂನು ಸುಮ್ಮನೆ ಕೂತಿಲ್ಲ. ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ವಿಷಯದಲ್ಲಿ ಮೈಸೂರು ಸಂಸ್ಥಾನ 1933ರಲ್ಲೇ ಒಂದು ಕಾಯ್ದೆ ಮಾಡಿತ್ತು. ಆಗ ಬಿಜಾಪುರ ಮುಂಬಯಿ ಪ್ರಾಂತದಲ್ಲಿದ್ದುದರಿಂದ ಅದು ಇಲ್ಲಿಗೆ ಬರಲಿಲ್ಲ. 1994ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಮಗಳನ್ನು ಮಗನಂತೆಯೇ ಪಿತ್ರಾರ್ಜಿತದ ಪಾಲುಗಾರಳನ್ನಾಗಿ ಮಾಡಿತು, ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ತಂದೆ ಆಗ ಬದುಕಿರಲೇಬೇಕೆಂಬ ವಾದವನ್ನು ಸುಪ್ರೀಂ ಕೋರ್ಟು 2020ರಲ್ಲಿ ತಳ್ಳಿಹಾಕಿತು.

ಆದರೆ ಕಾಯ್ದೆಗಿಂತ ಪಂಚಮಿ ಹಳೆಯದು. ನಾಗರ ಪಂಚಮಿಗೆ ಅಣ್ಣ ಬಂದು ಕರೆಯಬೇಕು, ಮಗಳು ತವರಿಗೆ ಹೋಗಿ ಉಂಡಿ ತಿಂದು ಜೋಕಾಲಿ ಜೀಕಿ ಬರಬೇಕು. ಹೊಲದಲ್ಲಿ ಪಾಲು ಕೇಳಿದವಳಿಗೆ ಆ ಕರೆ ಬರುವುದೇ? ಈ ಒಂದು ಅಂಜಿಕೆಗೆ ಎಷ್ಟೋ ಅಕ್ಕತಂಗಿಯರು ಹಕ್ಕು ಬಿಟ್ಟುಕೊಟ್ಟ ಪತ್ರಕ್ಕೆ ಸಹಿ ಹಾಕಿದ್ದಾರೆ. ಅವರನ್ನು ದಡ್ಡರೆನ್ನುವುದು ಸುಲಭ. ಗಂಡನ ಮನೆಯಲ್ಲಿ ಕಷ್ಟ ಬಂದರೆ ಹೋಗಲು ಇರುವುದು ಅದೊಂದೇ ಬಾಗಿಲು. ಅದನ್ನು ತೆರೆದಿಟ್ಟುಕೊಳ್ಳಲು ಅವರು ಎಕರೆಗಟ್ಟಲೆ ಬೆಲೆ ತೆರುತ್ತಾರೆ.

ಗಡಿಯಾಚೆಯ ಮಹಾರಾಷ್ಟ್ರದಲ್ಲಿ ಬೇರೊಂದು ದಾರಿ ಹುಡುಕಿದ್ದರು. ಶರದ್ ಜೋಶಿಯವರ ಶೇತಕರಿ ಸಂಘಟನೆ 1986ರಲ್ಲಿ ಚಾಂದವಡದಲ್ಲಿ ರೈತ ಮಹಿಳೆಯರ ದೊಡ್ಡ ಸಮಾವೇಶ ನಡೆಸಿತು. ಅದರ ಮುಂದುವರಿಕೆಯಾಗಿ ಬಂದ ಲಕ್ಷ್ಮೀಮುಕ್ತಿ ಚಳವಳಿಯಲ್ಲಿ ಗಂಡಂದಿರು ತಾವಾಗಿಯೇ ಹೊಲದ ಒಂದು ಭಾಗವನ್ನು ಹೆಂಡತಿಯ ಹೆಸರಿಗೆ ಮಾಡಿಕೊಟ್ಟರು. ಮುಂದೆ ಅಲ್ಲಿಯ ಸರ್ಕಾರವೂ ಅದೇ ಹೆಸರಿನ ಯೋಜನೆ ತಂದಿತು. ಇದರಲ್ಲಿ ಅಣ್ಣತಮ್ಮಂದಿರ ಜಗಳವಿಲ್ಲ, ಆದರೆ ಗಂಡನ ಮನಸ್ಸು ದೊಡ್ಡದಿರಬೇಕು.

ವಿಜಯಪುರ ಜಿಲ್ಲೆಗೆ ಈ ವಿಷಯ ಹೊಸದೇನಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿ, ಸ್ತ್ರೀಸಮಾನತೆಗಾಗಿ ಶಿಕ್ಷಣ ಎಂದು ಸಾರಿದಾಗ ಅದರಿಂದ ಹುಟ್ಟಿದ ಮಹಿಳಾ ಸಮಖ್ಯಾ, ಕರ್ನಾಟಕದಲ್ಲಿ 1989ರಲ್ಲಿ ಕಾಲಿಟ್ಟ ಮೊದಲ ಮೂರು ಜಿಲ್ಲೆಗಳಲ್ಲಿ ಬಿಜಾಪುರ ಒಂದು. ಬೀದರ ಮತ್ತು ಮೈಸೂರು ಉಳಿದೆರಡು. ಕಾರ್ಯಕ್ರಮ ಶಿಕ್ಷಣ ಇಲಾಖೆಯದು. ಸಂಘದ ಹೆಂಗಸರು ಕೇಳಿದ್ದು ಅಕ್ಷರವೊಂದನ್ನೇ ಅಲ್ಲ, ಕುಡಿಯುವ ನೀರು, ರೇಷನ್ ಕಾರ್ಡು, ಸರಿಯಾದ ಕೂಲಿ. ಒಂದು ಇಲಾಖೆ ಹೆಣ್ಣನ್ನು ಕೂರಿಸಿ ಮಾತಾಡಿಸಿದರೆ ಅವಳು ಎಲ್ಲ ಇಲಾಖೆಗಳ ವಿಷಯ ಎತ್ತುತ್ತಾಳೆ ಎಂಬುದು ಆಗಲೇ ತಿಳಿದಿತ್ತು. 2010ರ ದಶಕದಲ್ಲಿ ಕೇಂದ್ರದ ಬೆಂಬಲ ನಿಂತು ಆ ಕಾರ್ಯಕ್ರಮ ಮುಗಿಯಿತು. ದಾಖಲೆಯಲ್ಲಿ ಹೆಸರು ಮೂಡಿಸುವ ಕೆಲಸ ಮಾತ್ರ ಬಾಕಿ ಉಳಿಯಿತು.

ರಾಜ್ಯ ಸರ್ಕಾರ 2007–08ರಿಂದ ಬಜೆಟ್ ಜೊತೆ ಮಹಿಳಾ ಆಯವ್ಯಯದ ಲೆಕ್ಕವನ್ನೂ ಕೊಡುತ್ತಿದೆ. ಪೂರ್ತಿ ಹೆಂಗಸರಿಗಾಗಿಯೇ ಇರುವ ಯೋಜನೆಗಳು ಒಂದು ಪಟ್ಟಿಯಲ್ಲಿ, ಶೇ 30ರಿಂದ 99ರವರೆಗೆ ಅವರಿಗೆ ಸಲ್ಲುವಂಥವು ಇನ್ನೊಂದರಲ್ಲಿ. ಒಳ್ಳೆಯ ಪದ್ಧತಿ. ಆದರೆ ಮೀಸಲು ಪ್ರಮಾಣವನ್ನು ಬರೆದಿಡುವುದು ಬೇರೆ, ಉತಾರ ತರಲಾಗದವಳು ಅರ್ಜಿ ಹಾಕುವುದು ಬೇರೆ.

ಹೆಸರು ಬರೆಯಲೇಬೇಕೆಂದು ನಿಯಮವಿದ್ದ ಕಡೆ ಹೆಸರು ಬಂದಿದೆ. ಸರ್ಕಾರಿ ವಸತಿ ಯೋಜನೆಗಳ ಮನೆಗಳು ಮನೆಯೊಡತಿಯ ಹೆಸರಿಗೆ ಮಂಜೂರಾಗುತ್ತವೆ. ಅಂಬೇಡ್ಕರ್ ಅಭಿವೃದ್ಧಿ ನಿಗಮದ ಭೂ ಒಡೆತನ ಯೋಜನೆಯಲ್ಲಿ ಜಮೀನು ಕೊಡುವುದೇ ಪರಿಶಿಷ್ಟ ಜಾತಿಯ ಭೂರಹಿತ ಕೃಷಿ ಕಾರ್ಮಿಕ ಮಹಿಳೆಗೆ. 2005ರ ಉದ್ಯೋಗ ಖಾತ್ರಿ ಕಾಯ್ದೆ ಕೂಲಿಯಲ್ಲಿ ಗಂಡು-ಹೆಣ್ಣಿನ ಭೇದ ಇಡಲಿಲ್ಲ, ಮೂರರಲ್ಲೊಂದು ಪಾಲು ಕೆಲಸ ಹೆಂಗಸರಿಗೆ ಎಂದಿತು. ಕಂದಾಯ ಮತ್ತು ಕೃಷಿ ಇಲಾಖೆಗಳಲ್ಲಿ ಇಂಥ ನಿಯಮದ ಬಲ ಕಡಿಮೆ.

ಎಂ.ಎಸ್. ಸ್ವಾಮಿನಾಥನ್ ರಾಜ್ಯಸಭಾ ಸದಸ್ಯರಾಗಿದ್ದಾಗ ಮಹಿಳಾ ರೈತರ ಹಕ್ಕುಗಳ ಖಾಸಗಿ ಮಸೂದೆ ಮಂಡಿಸಿದ್ದರು. ಜಮೀನು ಹೆಸರಿನಲ್ಲಿರಲಿ ಬಿಡಲಿ, ದುಡಿಯುವವಳು ರೈತಳೇ. ಗ್ರಾಮಸಭೆಯ ಒಪ್ಪಿಗೆ ಪಡೆದು ಪಂಚಾಯಿತಿ ಅವಳಿಗೆ ಪ್ರಮಾಣಪತ್ರ ಕೊಡಬೇಕು ಎಂದು ಅದು ಹೇಳಿತ್ತು. ಚರ್ಚೆಗೆ ಬಾರದೆ 2013ರಲ್ಲಿ ಅದು ಬಿದ್ದುಹೋಯಿತು. 2026ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಮಹಿಳಾ ರೈತರ ವರ್ಷವೆಂದು ಘೋಷಿಸಿದೆ. ಘೋಷಣೆಗಳಿಗೇನು, ವರ್ಷಕ್ಕೊಂದು ಬರುತ್ತವೆ.

ಉತಾರದಲ್ಲಿ 12ನೇ ಕಾಲಂ ಎಂಬುದೊಂದಿದೆ. ಬೆಳೆ ಯಾವುದು, ಸಾಗುವಳಿ ಮಾಡಿದವರು ಯಾರು ಎಂದು ಬರೆಯಬೇಕಾದ ಜಾಗ. ಸಾಮಾನ್ಯವಾಗಿ ಮಾಲೀಕನ ಹೆಸರನ್ನೇ ಅಲ್ಲಿಗೂ ಎಳೆದುಬಿಡುತ್ತಾರೆ. ತಲಾಟಿ ಪಡಕ್ಕೆ ಬಂದು, ಗೊಂಚಲು ತೆಳು ಮಾಡುತ್ತಿರುವವಳನ್ನೇ ನಿಲ್ಲಿಸಿ, ‘ಅಕ್ಕಾರ, ನಿಮ್ಮ ಹೆಸರೇನ್ರಿ?’ ಎಂದು ಕೇಳಿ ಬರೆದುಕೊಳ್ಳಬಹುದಾದ ಜಾಗ ಅದು.