ಟೆರೇಸ್ ಕೋಳಿಗೆ ಗಾಬರಿ ಬೇಡ

ಸಾಕಿದ ಕೋಳಿನ ಕಾಲು ಹಿಡಿದು,
ತಲೆಕೆಳಗಾಗಿ ಎತ್ಕೊಂಡು ಹೋಗ್ತೀರಾ?

ಕೋಳಿಗೆ ನಮ್ಮ ಹಾಗೆ ವಪೆ ಇಲ್ಲ.
ತಲೆಕೆಳಗಾದ್ರೆ ಹೊಟ್ಟೆ ಭಾರವೆಲ್ಲ ಉಸಿರಾಟದ ಮೇಲೆ.

ಕಲ್ಯಾಣ ನಗರದ ಟೆರೇಸಲ್ಲಿ ಗಿರಿರಾಜ ಸಾಕಿದ್ರೆ ಇನ್ನೂ ಕಷ್ಟ.
ನಮ್ಮ ಪಕ್ಕದ ಹೆಬ್ಬಾಳದಲ್ಲೇ ರೂಪುಗೊಂಡ ತಳಿ.
ಮೈ ಭಾರ ಜಾಸ್ತಿ!

ಕೊಯ್ಯೋ ದಿನದ ಹಿಂದಿನ ರಾತ್ರಿನೇ ಮೇವು ನಿಲ್ಸಿ.
ನೀರು ಮಾತ್ರ ಇರಲಿ.
ಚಾಕು ಸಾಣೆ ಹಿಡಿಸಿಡಿ.

ನಸುಕಲ್ಲೇ ಹಿಡೀರಿ.
ಕತ್ತಲಲ್ಲಿ ಕೋಳಿ ಅಷ್ಟು ಓಡಾಡಲ್ಲ.
ರೆಕ್ಕೆ ಒತ್ತಿ, ಕಂಕುಳಲ್ಲಿ ಇಟ್ಕೊಳ್ಳಿ.

ಆಮೇಲೆ ತಗಡಿನ ಕೋನ್‌ಗೆ ಇಳಿಸಿ.
ಕಡಲೆಕಾಯಿ ಕಟ್ಟಿಕೊಡೋ ಪೇಪರ್ ಪೊಟ್ಟಣ ಇದೆಯಲ್ಲ,
ಅದರ ತುದಿ ಕತ್ತರಿಸಿದ ಹಾಗೆ.
ತಲೆ ಮಾತ್ರ ಆಚೆ.

ಇಲ್ಲೂ ತಲೆ ಕೆಳಗೇ ಅಲ್ವಾ ಅಂತೀರಾ?
ಹೌದು. ಆದ್ರೆ ಮೈಗೆ ಆಸರೆ ಇದೆ.
ಹಾಗಂತ ತಡ ಮಾಡಬಾರ್ದು.

ದವಡೆ ಕೆಳಗೆ,
ಕತ್ತಿನ ಎರಡೂ ಕಡೆಯ ರಕ್ತನಾಳ,
ಒಂದೇ ಸಲ.

ಮಿಕ್ಕ ಕೋಳಿಗಳ ಕಣ್ಣಿಗೆ ಬೀಳದ ಹಾಗೆ.
2001ರ ಕಸಾಯಿಖಾನೆ ನಿಯಮವೂ ಇದನ್ನೇ ಹೇಳುತ್ತೆ:
ಒಂದು ಪ್ರಾಣಿಯೆದುರು ಇನ್ನೊಂದನ್ನ ಕಡೀಬಾರ್ದು.
ಮರೆಗೆ ಒಂದು ಗೋಣಿಚೀಲದ ಪರದೆ ಸಾಕು.

ಪ್ರಜ್ಞೆ ಹೋದ ಮೇಲೂ ರೆಕ್ಕೆ ಬಡಿಯುತ್ತೆ.
ಗಾಬರಿಯಾಗಬೇಡಿ.
ಆದ್ರೆ ಪೂರ್ತಿ ನಿಶ್ಚಲವಾಗೋವರೆಗೂ
ಗರಿ ಬಿಡಿಸೋ ಬಿಸಿನೀರಿಗೆ ಹಾಕಬೇಡಿ.