ಸಣ್ಣ ತೋಟಕ್ಕೆ ಎಂಥ ಟ್ರ್ಯಾಕ್ಟರ್?

ಅಡಿಕೆ ತೂಗಿಸಲು ಸಂಘಕ್ಕೆ ಬರುವ ಸದಸ್ಯರು ಮೊದಲು ಧಾರಣೆ ಕೇಳುತ್ತಾರೆ. ಆಮೇಲೆ ಈಚೀಚೆಗೆ ಹಲವರು ಕೇಳುವ ಪ್ರಶ್ನೆ ಒಂದೇ: “ಸಣ್ಣ ಟ್ರ್ಯಾಕ್ಟರ್ ತೆಗೆದುಕೊಳ್ಳೋಣ ಅಂತಿದ್ದೇವೆ, ಎಷ್ಟು ಎಚ್.ಪಿ.ಯದ್ದು ಆದೀತು?” ಪ್ರಶ್ನೆ ಸಹಜವಾದದ್ದೇ. ಗೊಬ್ಬರ ಹೊರುವ ಆಳು ಸಿಗುವುದಿಲ್ಲ, ಎತ್ತು ಕಟ್ಟಿದವರ ಮನೆಗಳು ಊರಿಗೆ ಒಂದೆರಡು ಉಳಿದಿಲ್ಲ, ಮಕ್ಕಳು ಪಟ್ಟಣ ಸೇರಿದ್ದಾರೆ. ಆದರೆ ಎಚ್.ಪಿ.ಯಿಂದ ಲೆಕ್ಕ ಶುರು ಮಾಡಿದರೆ ತಪ್ಪು ಯಂತ್ರ ಅಂಗಳಕ್ಕೆ ಬಂದು ನಿಲ್ಲುವ ಸಂಭವವೇ ಹೆಚ್ಚು. ತೋಟದ ಕೆಲಸ ಯಾವುದು, ದಾರಿ ಎಂಥದು, ವರ್ಷಕ್ಕೆ ಎಷ್ಟು ಗಂಟೆ ದುಡಿಮೆ ಇದೆ, ಈ ಮೂರನ್ನು ತಿಳಿದ ಮೇಲೆ ಎಚ್.ಪಿ. ತಾನಾಗಿ ಗೊತ್ತಾಗುತ್ತದೆ. ಮನೆ, ಕೊಟ್ಟಿಗೆ, ಕಣ, ಅದರ ಕೆಳಗೆ ಎರಡು-ಮೂರು ಎಕರೆ ಅಡಿಕೆ, ಮೇಲೆ ಗುಡ್ಡದಲ್ಲಿ ಅಷ್ಟಿಷ್ಟು ಕಾಫಿ ಇರುವ ಸದಸ್ಯರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾತುಗಳನ್ನು ಬರೆಯುತ್ತಿದ್ದೇವೆ.

ಕೆಲಸ ಉಳುವುದಲ್ಲ, ಹೊರುವುದು

ಬಯಲುಸೀಮೆಯ ರೈತನಿಗೆ ಟ್ರ್ಯಾಕ್ಟರ್ ಎಂದರೆ ನೇಗಿಲು. ನಮಗೆ ಹಾಗಲ್ಲ. ಅಡಿಕೆ ಮರದ ಬೇರುಗಳಲ್ಲಿ ಬಹುಪಾಲು ಬುಡದಿಂದ ಒಂದು ಮೀಟರಿನೊಳಗೆ, ಎರಡಡಿ ಆಳದೊಳಗೇ ಇರುತ್ತವೆ. ಕಾಫಿಯ ಆಹಾರ ಹೀರುವ ಬೇರುಗಳು ಇನ್ನೂ ಮೇಲೆ, ಹೆಚ್ಚಿನವು ಒಂದಡಿ ಮಣ್ಣಿನಲ್ಲೇ. ಫಲ ಕೊಡುವ ತೋಟದಲ್ಲಿ ರೋಟವೇಟರ್ ಓಡಿಸಿದರೆ ಕಳೆಯ ಜತೆ ಈ ಬೇರುಗಳೂ ಕತ್ತರಿಸಿ ಹೋಗುತ್ತವೆ. ನೆಲ ಚೊಕ್ಕಟವಾಗಿ ಕಂಡೀತು, ಪೆಟ್ಟು ತಿಳಿಯುವುದು ಮುಂದಿನ ಫಸಲಿನಲ್ಲಿ. ಹೊಸ ತೋಟ ಹಾಕುವ ಮುಂಚೆ ನೆಲ ಹದ ಮಾಡಲು ಮಾತ್ರ ಉಳುಮೆ ಬೇಕು. ಅದಕ್ಕೆ ಬಾಡಿಗೆ ಯಂತ್ರ ಸಾಕು.

ನಮ್ಮ ನಿಜವಾದ ಭಾರ ಸಾಗಾಟದ್ದು. ಒಂದು ಲೆಕ್ಕ ನೋಡೋಣ. ಒಂಬತ್ತಡಿ ಅಂತರದಲ್ಲಿ ನೆಟ್ಟ ತೋಟದಲ್ಲಿ ಎಕರೆಗೆ 537 ಮರ. ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಗೊಬ್ಬರ, 12 ಕಿಲೋ ಹಸಿರು ಸೊಪ್ಪು ಕೊಡಬೇಕೆಂಬುದು ಶಿಫಾರಸು. ಅಂದರೆ ಎಕರೆಗೆ ಸುಮಾರು 12,900 ಕಿಲೋ. ತಲೆಯ ಮೇಲೆ 25 ಕಿಲೋ ಹೆಡಿಗೆಯಲ್ಲಿ ಹೊತ್ತರೆ 516 ಸಲ ಹೋಗಿ ಬರಬೇಕು. 500 ಕಿಲೋ ಹೊರುವ ಟ್ರೈಲರಿನಲ್ಲಾದರೆ 26 ಸಲ. ಸೊಪ್ಪು ಹಗುರ, ಜಾಗ ಮಾತ್ರ ಹೆಚ್ಚು ಹಿಡಿಯುತ್ತದೆ, ಹಾಗಾಗಿ ಇನ್ನೂ ಹತ್ತು ಸಲ ಸೇರಿಸಿಕೊಳ್ಳಿ. ಆದರೂ ವ್ಯತ್ಯಾಸ ಎಷ್ಟೆಂಬುದು ಕಣ್ಣಿಗೆ ಕಟ್ಟುತ್ತದೆ. ಇದರ ಮೇಲೆ ಕೊನೆ ಕೊಯ್ಲಿನ ಅಡಿಕೆ, ಕಾಫಿ ಹಣ್ಣು, ಸೌದೆ, ಮಣ್ಣು, ಸೋಗೆ. ಮಳೆಗಾಲಕ್ಕೆ ಔಷಧಿ ಹೊಡೆಯುವ ಡ್ರಮ್ಮು. ಹೀಗಾಗಿ ನಮಗೆ ಬೇಕಾದದ್ದು ಉಳುವ ಎತ್ತಲ್ಲ, ಗಾಡಿ ಎಳೆಯುವ ಎತ್ತು.

ಮೊದಲು ಟೇಪು ಹಿಡಿಯಿರಿ

ಅಂಗಡಿಗೆ ಹೋಗುವ ಮುಂಚೆ ಟೇಪು ಹಿಡಿದು ಮನೆಯಿಂದ ತೋಟದ ತುದಿಯವರೆಗೆ ಒಮ್ಮೆ ನಡೆಯಿರಿ. ದಣಪೆಯ ಅಗಲ, ಸಂಕದ ಅಗಲ, ಬಸಿಗಾಲುವೆ ದಾಟುವ ಜಾಗ, ದರೆಯ ಬದಿಯ ದಾರಿ, ಎರಡು ಸಾಲಿನ ನಡುವೆ ನಿಜವಾಗಿ ಉಳಿದ ಜಾಗ, ಇಷ್ಟನ್ನೂ ಬರೆದುಕೊಳ್ಳಿ. ಹಳೆಯ ತೋಟಗಳಲ್ಲಿ ಒಂಬತ್ತಡಿ ಎಂದು ನಾವು ಹೇಳುವುದು ಬಾಯಿಲೆಕ್ಕ. ಸತ್ತ ಮರದ ಜಾಗಕ್ಕೆ ಅಡ್ಡಾದಿಡ್ಡಿ ನೆಟ್ಟ ಸಸಿಗಳಿಂದ ಅದು ಆರಡಿಗೆ ಇಳಿದಿರುವುದುಂಟು. ಟ್ರೈಲರ್ ತಿರುಗಿಸಲು ಸಾಲಿನ ಕೊನೆಯಲ್ಲಿ ಜಾಗ ಇದೆಯೇ ಎಂಬುದನ್ನೂ ನೋಡಬೇಕು. ಬರೇ ಟ್ರ್ಯಾಕ್ಟರ್ ತಿರುಗಿದರೆ ಸಾಲದು, ಹಿಂದಿನ ಗಾಡಿಯೂ ತಿರುಗಬೇಕು.

ಇದನ್ನು ಮಾಡದೆ ನಾವೇ ಕೆಟ್ಟಿದ್ದೇವೆ. ಕೆಲವು ವರ್ಷಗಳ ಹಿಂದೆ ಅಗ್ಗಕ್ಕೆ ಸಿಕ್ಕಿತೆಂದು 35 ಎಚ್.ಪಿ.ಯ ಹಳೆಯ ಟ್ರ್ಯಾಕ್ಟರ್ ಒಂದನ್ನು ಮನೆಗೆ ತಂದೆವು. ದಣಪೆ ಕಿತ್ತು ಅಗಲ ಮಾಡಿದೆವು, ಸಂಕಕ್ಕೆ ಹೊಸ ಚಪ್ಪಡಿ ಹಾಕಿಸಿದೆವು, ತಿರುಗುವ ಜಾಗಕ್ಕೆಂದು ಫಲ ಬಿಡುವ ನಾಲ್ಕು ಮರ ಕಡಿದೆವು. ಆ ವರ್ಷ ಗೊಬ್ಬರ ಬೇಗ ಮುಗಿಯಿತೆಂದು ಹಿಗ್ಗಿದ್ದೂ ಆಯಿತು. ಮಳೆಗಾಲದಲ್ಲಿ ಚಕ್ರ ಹಾದ ಜಾಡಿನಲ್ಲೆಲ್ಲ ನೀರು ನಿಂತಿತು. ಕಾಲುವೆಗೆ ಬಸಿಯಬೇಕಾದ ನೀರು ಗಟ್ಟಿಯಾದ ಮಣ್ಣಿನ ಮೇಲೆ ಕೊಳೆಯಿತು, ಆ ಎರಡು ಸಾಲಿನ ಮರಗಳ ಸೋಗೆ ಹಳದಿಯಾಯಿತು. ಟ್ರ್ಯಾಕ್ಟರನ್ನು ಮಾರಿದೆವು. ಆ ಸಾಲುಗಳು ಚೇತರಿಸಿಕೊಳ್ಳಲು ಮೂರು ವರ್ಷ ಹಿಡಿಯಿತು.

ಅದರಿಂದ ಕಲಿತದ್ದು ಎರಡು. ಒಂದು, ಯಂತ್ರದ ತೂಕ. 45–50 ಎಚ್.ಪಿ.ಯ ಟ್ರ್ಯಾಕ್ಟರ್ ಹತ್ತಿರ ಹತ್ತಿರ ಎರಡು ಟನ್ ತೂಗುತ್ತದೆ. 2021ರಲ್ಲಿ ಬಂದ 11 ಎಚ್.ಪಿ.ಯ ಸ್ವರಾಜ್ ಕೋಡ್ ಅರ್ಧ ಟನ್ನಿಗೂ ಕಡಿಮೆ, ಅಗಲ ಮೂರಡಿಯೊಳಗೆ. ಎರಡು, ದಾರಿ. ಸಣ್ಣದಾದರೂ ಸರಿಯೇ, ಯಂತ್ರವನ್ನು ಎಲ್ಲ ಸಾಲಿನಲ್ಲೂ ಓಡಿಸಬಾರದು. ಚಕ್ರ ಮೊದಲ ಸಲ ಹಾದಾಗಲೇ ಮಣ್ಣು ಬಹಳಷ್ಟು ಗಟ್ಟಿಯಾಗಿಬಿಡುತ್ತದೆ. ನಂತರದ ಓಡಾಟದಿಂದ ಆಗುವ ಹಾನಿ ಅದಕ್ಕಿಂತ ಕಡಿಮೆ. ಆದ್ದರಿಂದ ಐದಾರು ಸಾಲಿಗೆ ಒಂದರಂತೆ ಗಾಡಿದಾರಿ ಗೊತ್ತು ಮಾಡಿ, ಯಾವಾಗಲೂ ಅದರಲ್ಲೇ ಓಡಿಸಿ. ಅಲ್ಲಿಂದ ಬುಡಕ್ಕೆ ಹೆಡಿಗೆಯಲ್ಲೋ ಕೈಗಾಡಿಯಲ್ಲೋ ಹಾಕಿದರಾಯಿತು. ಮಳೆ ಹಿಡಿದ ಮೇಲೆ ತೋಟಕ್ಕೆ ಇಳಿಸಲೇಬಾರದು.

ಗುಡ್ಡದ ಮಾತು ಬೇರೆ

ಕಾಫಿಗೆಂದು ಕೊಳ್ಳುವವರು ನಾಲ್ಕೂ ಚಕ್ರಕ್ಕೆ ಚಾಲನೆ ಇರುವ ಯಂತ್ರವನ್ನೇ ನೋಡಬೇಕು. ಎರಡು ಚಕ್ರದ ಚಾಲನೆಯದು ಒದ್ದೆ ಇಳಿಜಾರಿನಲ್ಲಿ ಜಾರುತ್ತದೆ. ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ನಾಲ್ಕು ಚಕ್ರದ ಚಾಲನೆ ಹತ್ತುವುದಕ್ಕೆ ಬಲ ಕೊಡುತ್ತದೆ, ಮಗುಚದಂತೆ ಕಾಯುವುದಿಲ್ಲ. ಹತ್ತಬಾರದ ಕಡೆ ಹತ್ತುವ ಧೈರ್ಯ ಬರುವುದೇ ಅಪಾಯ.

ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಿ ಬೀಳಲು ಒಂದೂವರೆ ಸೆಕೆಂಡು ಸಾಕು. ಚಾಲಕ ಹಾರಿಕೊಳ್ಳುತ್ತೇನೆ ಎಂದುಕೊಳ್ಳುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಸ್ವೀಡನ್ ದೇಶದಲ್ಲಿ 1959ರಿಂದಲೇ ಹೊಸ ಟ್ರ್ಯಾಕ್ಟರುಗಳಿಗೆ ಚಾಲಕನ ತಲೆಯ ಮೇಲೆ ಬಲವಾದ ಕಬ್ಬಿಣದ ಚೌಕಟ್ಟು ಕಡ್ಡಾಯ ಮಾಡಿದರು, ಮಗುಚಿ ಸಾಯುವವರ ಸಂಖ್ಯೆ ಬಹಳ ಇಳಿಯಿತು. ಕೊಳ್ಳುವಾಗ ಈ ಚೌಕಟ್ಟು, ಜತೆಗೆ ಸೀಟಿನ ಬೆಲ್ಟು, ಎರಡನ್ನೂ ಕೇಳಿ ಪಡೆಯಿರಿ. ಬಿಸಿಲಿಗೆ ಕಟ್ಟುವ ತಗಡಿನ ಮಾಡು ಇದಲ್ಲ. ಮರದ ಕೊಂಬೆ ತಾಗುತ್ತದೆಂದು ಚೌಕಟ್ಟು ಬಿಚ್ಚಿಡುವವರಿದ್ದಾರೆ. ಕೊಂಬೆ ಕಡಿಯಿರಿ, ಚೌಕಟ್ಟು ಬಿಚ್ಚಬೇಡಿ.

ಹತ್ತಡಿಗೆ ಎರಡಡಿಗಿಂತ ಹೆಚ್ಚು ಇಳಿಯುವ ಜಾಗದಲ್ಲಿ ಟ್ರ್ಯಾಕ್ಟರ್ ಬೇಡವೆಂಬುದು ನಮ್ಮ ಸಲಹೆ. ಇದನ್ನು ಅಳೆಯಲು ಹತ್ತಡಿಯ ನೇರ ಗಳವೊಂದು, ರಸಮಟ್ಟವೊಂದು ಇದ್ದರೆ ಸಾಕು. ಇಳಿಜಾರಿಗೆ ಅಡ್ಡಲಾಗಿ ಓಡಿಸಬೇಡಿ, ನೇರವಾಗಿ ಹತ್ತಿ ನೇರವಾಗಿ ಇಳಿಯಿರಿ. ಇಳಿಯುವಾಗ ಹತ್ತುವ ಗೇರಿನಲ್ಲೇ ಇಳಿಯಬೇಕು, ನ್ಯೂಟ್ರಲ್ ಮಾಡಿ ಬಿಡಬಾರದು. ಎಡ-ಬಲದ ಬ್ರೇಕು ಪೆಡಲುಗಳನ್ನು ಕೊಂಡಿಯಿಂದ ಜೋಡಿಸಿಟ್ಟೇ ದಾರಿಗೆ ಇಳಿಯಿರಿ, ಒಂದೇ ಬ್ರೇಕು ಹಿಡಿದರೆ ಬಂಡಿ ಪಕ್ಕಕ್ಕೆ ತಿರುಗಿ ಮಗುಚುತ್ತದೆ. ಮರದ ದಿಮ್ಮಿ ಎಳೆಯುವಾಗ ಸರಪಳಿಯನ್ನು ಕೆಳಗಿನ ಎಳೆಪಟ್ಟಿಗೇ ಕಟ್ಟಬೇಕು. ಅದಕ್ಕಿಂತ ಮೇಲೆ ಕಟ್ಟಿದರೆ ಮುಂದಿನ ಚಕ್ರ ಎದ್ದುಬಿಡುತ್ತದೆ. ಮಡ್‌ಗಾರ್ಡಿನ ಮೇಲೆ ಮಕ್ಕಳನ್ನು ಕೂರಿಸುವ ಚಾಳಿಯನ್ನು ಇವತ್ತೇ ಬಿಡಬೇಕು.

ಈಗ ಎಚ್.ಪಿ.ಯ ಪ್ರಶ್ನೆ

ಸಣ್ಣ ಟ್ರ್ಯಾಕ್ಟರುಗಳ ಕಲ್ಪನೆ ನಮಗೆ ಹೊಸದಲ್ಲ. ಬೆಂಗಳೂರಿನ ವಿ.ಎಸ್.ಟಿ. ಕಂಪನಿ 1967ರಲ್ಲಿ ಜಪಾನಿನ ಮಿತ್ಸುಬಿಷಿಯ ಸಹಯೋಗದಲ್ಲಿ ಶುರುವಾದದ್ದು, ಕೇರಳದ ಅಥಾಣಿಯ ಕಾಮ್ಕೊ 1973ರದ್ದು. ಇವೆರಡರ ಪವರ್ ಟಿಲ್ಲರುಗಳನ್ನು ನಮ್ಮ ಹಿರಿಯರು ಗದ್ದೆಯಲ್ಲಿ ಓಡಿಸಿದವರೇ. ಆಮೇಲೆ ಅದೇ ಅಳತೆಯ ನಾಲ್ಕು ಚಕ್ರದ ಯಂತ್ರಗಳು ಬಂದವು: 15 ಎಚ್.ಪಿ.ಯ ಮಹೀಂದ್ರ ಯುವರಾಜ್, 18.5 ಎಚ್.ಪಿ.ಯ ವಿ.ಎಸ್.ಟಿ. ಎಂ.ಟಿ. 180ಡಿ, 24 ಎಚ್.ಪಿ.ಯ ಮಹೀಂದ್ರ ಜೀವೊ ಮತ್ತು ಕುಬೋಟ ಬಿ 2441, 28 ಎಚ್.ಪಿ.ಯ ಜಾನ್ ಡಿಯರ್ 3028 ಇತ್ಯಾದಿ. ಹೆಸರು ಹೇಳಿದ್ದು ಗುರುತಿಗಾಗಿ, ಶಿಫಾರಸಿಗಲ್ಲ.

ನಮ್ಮ ಅಂದಾಜು ಹೀಗೆ. ಸಮತಟ್ಟಾದ ಅಡಿಕೆ ತೋಟ, ಅರ್ಧ ಟನ್ನಿನ ಗಾಡಿ ಎಂದಾದರೆ 11ರಿಂದ 15 ಎಚ್.ಪಿ. ಸಾಕು. ಏರು-ತಗ್ಗಿನ ದಾರಿ, ಒಂದು ಟನ್ನಿನ ಗಾಡಿ ಎಂದಾದರೆ 18ರಿಂದ 24, ಅದೂ ನಾಲ್ಕು ಚಕ್ರದ ಚಾಲನೆಯದು. ಅದಕ್ಕೂ ಮೇಲೆ ಸಣ್ಣ ತೋಟಕ್ಕೆ ಬೇಕಾಗುವುದು ಅಪರೂಪ. ಬೋರ್ಡೊ ದ್ರಾವಣ ಹೊಡೆಯುವ ಪಂಪಿಗೆ ಬೇಕಾದ ಬಲ ಇವುಗಳಲ್ಲಿ ಅತಿ ಸಣ್ಣದರಲ್ಲೂ ಇರುತ್ತದೆ. ಯಂತ್ರ ತೋರಿಸಲು ಬಂದವರಿಗೆ ನಿಮ್ಮ ತೋಟದಲ್ಲೇ, ನಿಮ್ಮ ಗೊಬ್ಬರ ತುಂಬಿಸಿ, ನಿಮ್ಮ ಏರಿನಲ್ಲೇ ಓಡಿಸಿ ತೋರಿಸಲು ಹೇಳಿ. ಪೇಟೆಯ ಟಾರು ರಸ್ತೆಯಲ್ಲಿ ಎಲ್ಲ ಟ್ರ್ಯಾಕ್ಟರೂ ಚೆನ್ನಾಗಿಯೇ ಓಡುತ್ತದೆ. ಫಿಲ್ಟರು, ಬೆಲ್ಟು ಎಷ್ಟು ದೂರದಲ್ಲಿ ಸಿಗುತ್ತವೆ, ರಿಪೇರಿಯವನು ಮನೆಗೆ ಬರುತ್ತಾನೆಯೇ ಎಂಬುದನ್ನು ಮಾರುವವರನ್ನಲ್ಲ, ಈಗಾಗಲೇ ಕೊಂಡವರನ್ನು ವಿಚಾರಿಸಿ.

ಕಡೆಯ ಲೆಕ್ಕ, ಕಷ್ಟದ ಲೆಕ್ಕ

ಉದಾಹರಣೆಗೆ ಯಂತ್ರ, ಟ್ರೈಲರ್ ಸೇರಿ ಐದು ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಶೇಕಡಾ 10ರಂತೆ ಬಡ್ಡಿ 50,000, ಸವಕಳಿ 50,000, ವಿಮೆ-ರಿಪೇರಿ 20,000. ಮೊದಲ ವರ್ಷದ ಖರ್ಚು 1,20,000 ರೂಪಾಯಿ, ಡೀಸೆಲ್ಲು ಮತ್ತು ಚಾಲಕನ ಕೂಲಿ ಬೇರೆ. ಮೂರು ಎಕರೆ ತೋಟದ ಗೊಬ್ಬರ, ಸೊಪ್ಪಿಗೆ ನೂರು ಸಲದ ಓಡಾಟ. ಒಂದಕ್ಕೆ ಮುಕ್ಕಾಲು ಗಂಟೆ ಹಿಡಿದರೆ 75 ಗಂಟೆ. ಮಿಕ್ಕ ಕೆಲಸವೆಲ್ಲ ಸೇರಿ 150 ಗಂಟೆ ಆದೀತು. ಅಂದರೆ ಯಂತ್ರ ಹೊರಡುವ ಮುಂಚೆಯೇ ಗಂಟೆಗೆ 800 ರೂಪಾಯಿ ಬಿದ್ದಂತಾಯಿತು. ಅದೇ ಯಂತ್ರ 500 ಗಂಟೆ ದುಡಿದರೆ ಬೀಳುವುದು 240 ರೂಪಾಯಿ. ನಿಮ್ಮೂರಿನ ಬಾಡಿಗೆ ದರವನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಸಹಾಯಧನ ಸಿಗುತ್ತದಲ್ಲ ಎನ್ನಬಹುದು. ಸಿಗುವುದಿದ್ದರೆ ಪಡೆಯಲೇಬೇಕು, ಆ ವರ್ಷದ ನಿಯಮ, ಮಿತಿಗಳನ್ನು ರೈತ ಸಂಪರ್ಕ ಕೇಂದ್ರದಲ್ಲಿ ಮೊದಲೇ ಕೇಳಿಕೊಳ್ಳಿ. ಆದರೆ ಸಹಾಯಧನ ಬಂತೆಂದು ಬೇಡದ ಯಂತ್ರ ಬೇಕಾದದ್ದಾಗುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಸಾಲದ ಹಾಸಿಗೆಗೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ.

ಹಾಗಾದರೆ ಸಣ್ಣ ಬೆಳೆಗಾರ ತಲೆಹೊರೆಯಲ್ಲೇ ಇರಬೇಕೆ? ಇಲ್ಲ. ಒಂದು ಟ್ರ್ಯಾಕ್ಟರ್ ಒಂದು ಮನೆಗೆ ಹೆಚ್ಚಾಯಿತು, ಮೂರು ನಾಲ್ಕು ಮನೆಗೆ ಸರಿಹೋಯಿತು. ಮೂರು ಎಕರೆಯ ನಾಲ್ಕು ಮನೆ ಸೇರಿದರೆ ವರ್ಷಕ್ಕೆ 500–600 ಗಂಟೆಯ ಕೆಲಸ ತಾನಾಗಿ ಆಗುತ್ತದೆ. ಗೊಬ್ಬರ ಹೊರುವ ಕೆಲಸವನ್ನು ಒಂದು ವಾರ ಹಿಂದೆ-ಮುಂದೆ ಹಾಕಬಹುದು, ಸರದಿ ಮಾಡಿಕೊಂಡರೆ ಜಗಳವಿಲ್ಲ. ಹಾಕಲಾಗದ ಕೆಲಸ ಒಂದೇ, ಕೊಳೆರೋಗಕ್ಕೆ ಔಷಧಿ. ಮುಂಗಾರಿಗೆ ಮುಂಚಿನ ಬಿಸಿಲು ಎಲ್ಲರಿಗೂ ಅದೇ ನಾಲ್ಕು ದಿನ. ಆದ್ದರಿಂದ ಟ್ರ್ಯಾಕ್ಟರ್ ಕೂಡಿ ಇರಲಿ, ಔಷಧಿ ಪಂಪು ಮಾತ್ರ ಮನೆ ಮನೆಗೆ ಬೇರೆ ಇರಲಿ. ನೋಂದಣಿ ಯಾರ ಹೆಸರಿನಲ್ಲಿ, ವಿಮೆ ಯಾರು ಕಟ್ಟುವುದು, ಲೈಸೆನ್ಸ್ ಇರುವ ಒಬ್ಬ ಚಾಲಕ ಯಾರು, ಗಂಟೆಗೆ ಎಷ್ಟು ರೂಪಾಯಿ ರಿಪೇರಿ ನಿಧಿಗೆ ಹಾಕುವುದು, ಇಷ್ಟನ್ನು ಕೊಳ್ಳುವ ಮುಂಚೆಯೇ ಕಾಗದದಲ್ಲಿ ಬರೆದು ಸಹಿ ಹಾಕಿ. ನೆಂಟರಾದರೆ ಎರಡು ಪ್ರತಿ ಬರೆಯಿರಿ.

ನಾವೀಗ ಹಾಗೆಯೇ ಮೂರು ಮನೆ ಸೇರಿ ಒಂದನ್ನು ಇಟ್ಟುಕೊಂಡಿದ್ದೇವೆ. ಅಳತೆ ನೋಡಿ ಕೊಂಡದ್ದು, ದಣಪೆ ಕೀಳಬೇಕಾಗಿ ಬರಲಿಲ್ಲ. ಕಡಿದ ನಾಲ್ಕು ಮರದ ಜಾಗದಲ್ಲಿ ನೆಟ್ಟ ಸಸಿಗಳು ಆಳೆತ್ತರ ಬಂದಿವೆ. ಸದಸ್ಯ ಬಾಂಧವರು ನಮ್ಮಂತೆ ಮರ ಕಡಿದು ಕಲಿಯುವುದು ಬೇಡ, ಟೇಪು ಹಿಡಿದು ಕಲಿತರೆ ಸಾಕು.